ಮೆಲ್ಲಗೆ ಆರುವ ಟಾರ್ಚು

ಪ್ಯಾಕಿಂಗ್ ವಿಭಾಗದ ಅಕ್ಕನ ಮಣಿಕಟ್ಟು ಮುರಿದದ್ದು ನೆಲಮಾಳಿಗೆ ಗೋದಾಮಿನ ಕತ್ತಲಲ್ಲಿ. ದೀಪ ಹಾಕಿಸಿ ಎಂದು ಕೇಳಿದವರಿಗೆ ಕಂಪನಿ ಒಂದೇ ಒಂದು ಟಾರ್ಚು ಕೊಟ್ಟು, 'ನೋಡಿಕೊಂಡು ನಡೆಯಿರಿ' ಎಂದು ಉಪದೇಶಿಸಿತು. ಉಪದೇಶಕ್ಕೆ ಬ್ಯಾಟರಿಯ ಖರ್ಚಿಲ್ಲವಲ್ಲ.

ಇವತ್ತು ಕಂಪನಿಯ ಸಾಹೇಬರೇ ಗೋದಾಮಿಗೆ ಇಳಿಯುವವರಿದ್ದರು. ರಿಪೇರಿ ಕೆಲಸದ ಮಿಣುಕ (ಅವನ ಬೆಳಕಿನ ಹುಚ್ಚು ನೋಡಿ ಊರೇ ಇಟ್ಟ ಹೆಸರು) ಬೆಳಿಗ್ಗೆಯೇ ಟಾರ್ಚು ಬಿಚ್ಚಿದ. ಎಲ್‌ಇಡಿಗೆ ಕರೆಂಟು ಅಳೆದು ಕೊಡುವ ಡ್ರೈವರ್ ಸರ್ಕ್ಯೂಟಿಗೆ ಅಕ್ಕಿಕಾಳಿನಷ್ಟು ಮೈಕ್ರೊಕಂಟ್ರೋಲರ್ ಚಿಪ್ಪು ಬೆಸೆದು, ತಾನೇ ಬರೆದ ಪ್ರೋಗ್ರಾಮು ತುಂಬಿದ. ಸಾಹೇಬರು ಗೋದಾಮಿನ ನಟ್ಟನಡುವೆ ಇರುವಾಗ ಟಾರ್ಚು ತಟ್ಟನೆ ಆರಬೇಕು. ಕತ್ತಲೆಂದರೇನೆಂದು ಅವರ ಮೊಣಕಾಲಿಗೂ ತಿಳಿಯಬೇಕು. ಆಮೇಲೆ ದೀಪ ತಾನಾಗಿ ಬರುತ್ತದೆ.

"ತಟ್ಟನೆ ಆರಿದ್ರೆ ಅನುಮಾನ ಬರುತ್ತೆ ಕಣೋ," ಎಂದ ಲಿಫ್ಟು ನಡೆಸುವ ಮಾವ. "ಬ್ಯಾಟರಿ ಸಾಯೋ ಹಾಗೆ ನಿಧಾನಕ್ಕೆ ಸಾಯ್ಲಿ."

ಅಕ್ಕ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದಳು. "ನಾನು ಬಿದ್ದಾಗ ನೆಲ ನಿಧಾನಕ್ಕೆ ಬಂತಾ ಮಾವ?"

ಮಿಣುಕನಿಗೆ ಮಾವನ ಮಾತೇ ರುಚಿಸಿತು. ಕಸುಬಿನ ಚಪಲ, ಏನು ಮಾಡುವುದು? ಅರ್ಧ ಗಂಟೆಯಲ್ಲಿ, ಹಾಲಿಗೆ ತೊಟ್ಟುತೊಟ್ಟಾಗಿ ನೀರು ಬೆರೆಸಿದ ಹಾಗೆ ಬೆಳಕು ತೆಳುವಾಗುವಂತೆ ತಿದ್ದಿದ. ಪರೀಕ್ಷೆಗೆಂದು ವೇಗ ಹೆಚ್ಚಿಸಿ ಗೋಡೆಗೆ ಬಿಟ್ಟಾಗ ಅಕ್ಕನೂ ಹತ್ತಿರ ಬಂದು ನೋಡಿದಳು. "ಹೊತ್ತು ಮುಳುಗೋದನ್ನ ಮುಷ್ಟೀಲಿ ಹಿಡಿದಿದ್ದೀಯಲ್ಲೋ," ಎಂದಳು.

ಸಾಹೇಬರು ಇಳಿದರು. ಮುಂದೆ ಟಾರ್ಚು ಹಿಡಿದ ಮಿಣುಕ, ಹಿಂದೆ ಮಾವ, ಅಕ್ಕ. ಸಾಲು ಸಾಲು ಪೆಟ್ಟಿಗೆ ನೋಡುತ್ತಾ ನಡೆದಂತೆ ಬೆಳಕು ಯಾರಿಗೂ ಹೇಳದೆ ಸೋರಿಹೋಗಿ, ಕೊನೆಗೆ ಪೂರ್ತಿ ಆರಿತು. ಮಿಣುಕ ಉಸಿರು ಬಿಗಿಹಿಡಿದ. ಈಗ ಬೀಳುತ್ತಾರೆ. ಇಗೋ, ಈಗ.

ಸಾಹೇಬರು ಬೀಳಲಿಲ್ಲ. ಬೆಕ್ಕಿನಂತೆ ಪೆಟ್ಟಿಗೆ ಬಳಸಿ ನಡೆದರು, ತೊಲೆಗೆ ತಲೆ ಬಾಗಿಸಿದರು. ಮಿಣುಕ ಸುತ್ತ ನೋಡಿ ಬೆಕ್ಕಸಬೆರಗಾದ. ಚಾವಣಿಯಂಚಿನ ಗಾಳಿಕಿಂಡಿಯಿಂದ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಬೂದಿಬೆಳಕು ಇಳಿದು ಪ್ರತಿ ಪೆಟ್ಟಿಗೆಯ ಅಂಚನ್ನೂ ಸವರುತ್ತಿತ್ತು. ಮೆಲ್ಲಗೆ ಬಂದ ಕತ್ತಲಿಗೆ ಎಲ್ಲರ ಕಣ್ಣೂ ಪಳಗಿಬಿಟ್ಟಿತ್ತು.

"ಟಾರ್ಚ್ ಯಾವಾಗ ಆರ್ತು?" ಸಾಹೇಬರು ಕೇಳಿದರು.

"ಆಗ್ಲೇ... ಸಾರ್."

"ನೋಡಿದ್ರಾ? ಕಣ್ಣಿಗೆ ಸ್ವಲ್ಪ ಹೊತ್ತು ಕೊಟ್ರೆ ಎಲ್ಲಾ ಕಾಣುತ್ತೆ. ನಾಳೆಯಿಂದ ಅರ್ಧ ಗಂಟೆ ಮುಂಚೆ ಬಂದು ಇಲ್ಲೇ ಕೂತು ಕಣ್ಣು ಪಳಗಿಸ್ಕೊಳ್ಳಿ. ದೀಪ ಯಾಕೆ? ಆ ಟಾರ್ಚನ್ನೂ ಆಫೀಸಿಗೆ ವಾಪಸ್ ಕೊಡಿ."

ಅವರು ಹೋದರು. ಮೂವರೂ ಎಲ್ಲವೂ ಚೊಕ್ಕವಾಗಿ ಕಾಣುವ ಕತ್ತಲಲ್ಲಿ ನಿಂತರು.

"ಮಾವ," ಎಂದಳು ಅಕ್ಕ, "ಇನ್ಮೇಲೆ ನಿಧಾನಕ್ಕೆ ಬೀಳೋಣ ಬಿಡು."