ಬಂದರಿನ ಆಳ ಅಳೆದದ್ದು

ದೋಣಿಯವರ ಸಂಘದ ಕಾರ್ಯದರ್ಶಿಯ ದೋಣಿ ಬಂದರಿನ ಹೂಳಿನಲ್ಲಿ ಕೂತುಬಿಟ್ಟಿತ್ತು. ಊಟಕ್ಕೆಂದು ಬಂದ ನೆಂಟ ಕೂತ ಹಾಗೆ. ಏಳುವ ಮಾತೇ ಇಲ್ಲ.

ಹೂಳೆತ್ತಿಸೋಣವೆಂದರೆ ಖರ್ಚು ಸಣ್ಣದಲ್ಲ. ಯಂತ್ರಕ್ಕೆ ಬಾಡಿಗೆ, ಅದು ಸುಮ್ಮನೆ ನಿಂತ ದಿನಕ್ಕೂ ಬಾಡಿಗೆ, ಕೆಸರು ಸಾಗಿಸುವ ಲಾರಿಗೆ ಬೇರೆ. ಆ ಕೆಸರನ್ನು ಎಲ್ಲಿ ಸುರಿಯುವುದೆಂದು ಕೇಳಿದರೆ ಸಂಘದ ಪ್ರತಿಯೊಬ್ಬನೂ ಬಹಳ ಉದಾರವಾಗಿ ಪಕ್ಕದವನ ಹಿತ್ತಲು ತೋರಿಸುತ್ತಿದ್ದ. ನೀರು ಸೊಂಟಕ್ಕಿಂತ ಕಡಿಮೆ ಇದ್ದರೆ ಮಾತ್ರ ಖರ್ಚೆಲ್ಲ ಸರ್ಕಾರದ್ದು. ಅದನ್ನು ಅಳೆಯಲು ಅವತ್ತು ಇಂಜಿನಿಯರ್ ಸಾಹೇಬರು ಬರುವವರಿದ್ದರು.

"ಇವತ್ತೂ ಆಗ್ಲಿಲ್ಲ ಅಂದ್ರೆ ದೋಣಿ ಒಡೆದು ಸೌದೆ ಮಾಡ್ಕೊಳ್ಳೋಣ. ಒಲೆಗಾದ್ರೂ ಆಗುತ್ತೆ," ಎಂದು ಹೆಂಡತಿ ಬೆಳಗ್ಗೆಯೇ ಆಶೀರ್ವಾದ ಮಾಡಿ ಕಳಿಸಿದ್ದಳು.

ಸಾಹೇಬರು ಹೇಳಿದಂತೆ ಇಳಿತದ ಹೊತ್ತಿಗೇ ಬಂದರು. ಬಂದರಿನ ತುಂಬ ಕೆಸರು ಹೊಳೆಯುತ್ತಿತ್ತು. ನೋಡಿ ಬರೆದುಕೊಂಡಿದ್ದರೆ ಮುಗಿದಿತ್ತು. ಆದರೆ ಸಂಘದ ಅಧ್ಯಕ್ಷರ ಕೈಗೆ ಮೈಕು ಸಿಕ್ಕಿತ್ತು. ಸ್ವಾಗತ ಭಾಷಣ ಅವರ ಮುತ್ತಜ್ಜನಿಂದ ಅಜ್ಜನವರೆಗೆ ಬರುವಷ್ಟರಲ್ಲಿ ಉಬ್ಬರ ಶುರುವಾಗಿ ಕೆಸರೆಲ್ಲ ನೀರಿನಡಿ ಸೇರಿತು. ಕಾರ್ಯದರ್ಶಿ ಮೆಲ್ಲಗೆ ಅವರ ಅಂಗಿ ಎಳೆದ.

"ತಡಿಯಯ್ಯಾ, ಅಪ್ಪನ ಕಾಲ ಇನ್ನೂ ಬಂದಿಲ್ಲ!" ಎಂದು ಅಧ್ಯಕ್ಷರು ಮೈಕಿನಲ್ಲೇ ಗದರಿದರು.

ಕೊನೆಗೂ ಸಾಹೇಬರು ಅಳತೆಕೋಲು ಇಳಿಸಿದರು. ಕೋಲು ನೀರು ದಾಟಿ, ಕಲಸಿದ ಹಿಟ್ಟಿಗೆ ಬೆರಳು ಇಳಿದ ಹಾಗೆ ಹೂಳಿನೊಳಕ್ಕೆ ಇಳಿಯಿತು.

"ಭರ್ಜರಿ ಆಳ ಇದೆಯಲ್ರೀ!"

"ಅದು ಹೂಳು ಸಾರ್! ನೀರು ಮೊಣಕಾಲಿಗೂ ಬರಲ್ಲ," ಎಂದ ಕಾರ್ಯದರ್ಶಿ.

"ಸರ್ಕಾರದ ಕೋಲು ಸುಳ್ಳು ಹೇಳುತ್ತೇನ್ರೀ?"

ಕಾರ್ಯದರ್ಶಿಯ ಹೆಂಡತಿಯ ತಮ್ಮ ಅಲ್ಲೇ ನಿಂತಿದ್ದ. ಯಾರಿಗೆ ಕಷ್ಟ ಬಂದರೂ ಅವನ ಬಳಿ ಒಂದು ಉಪಾಯ ಇರುತ್ತಿತ್ತು. ಅದರಿಂದ ಕಷ್ಟ ಎರಡಾಗುತ್ತಿದ್ದದ್ದು ಬೇರೆ ಮಾತು.

"ಭಾವ, ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ನೀವೇ ಇಳಿದು ನಿಂತು ತೋರಿಸ್ಬಿಡಿ."

ಕಾರ್ಯದರ್ಶಿ ಪ್ಯಾಂಟು ಮಡಚಿ ಇಳಿದೇಬಿಟ್ಟ. "ನೋಡಿ ಸಾರ್, ಮೊಣಕಾಲು!" ಎಂದ. ಮಾತು ಮುಗಿಯುವಷ್ಟರಲ್ಲಿ ಕಾಲು ಹೂಳಿಗಿಳಿದು ನೀರು ತೊಡೆಗೆ ಬಂತು. "ಇದು ಲೆಕ್ಕಕ್ಕಿಲ್ಲ ಸಾರ್..." ಎನ್ನುವಾಗ ಸೊಂಟ. ಆಮೇಲೆ ಮೇಲುಳಿದದ್ದು ಒಂದು ತಲೆ, ಎರಡು ಕೈ.

ಸಾಹೇಬರು ಬಗ್ಗಿ ಕೇಳಿದರು: "ಕಾಲಿಗೆ ನೆಲ ಸಿಕ್ತಾ?"

"ಈಗ ಸಿಕ್ತು ಸಾರ್. ಆದ್ರೆ ನಾನು ಹೂಳೊಳಗೆ..."

"ನೆಲದ ಮೇಲೆ ನಿಂತಿದ್ದೀರಿ ತಾನೆ? ಹಾಗಾದ್ರೆ ನೀರು ಕುತ್ತಿಗೆಮಟ್ಟ." ಬರೆದುಕೊಂಡರು. ಸಾಕ್ಷಿಗೆ ಫೋಟೋ ಹೊಡೆದರು.

"ಸ್ವಲ್ಪ ನಗಿ ಭಾವ," ಎಂದ ಬಾಮೈದ.

ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರು. ಕಾರ್ಯದರ್ಶಿ ಬಂದ, ಪ್ಯಾಂಟು ಬರಲಿಲ್ಲ. ಅವನು ಅಧ್ಯಕ್ಷರ ಶಾಲು ಸುತ್ತಿಕೊಂಡು ನಡುಗುತ್ತಿದ್ದುದನ್ನು ಕಂಡು ಸಾಹೇಬರ ಕರುಳು ಚುರ್ ಎಂದಿತು.

"ಹೂಳೆತ್ತೋ ಅಗತ್ಯ ಇಲ್ಲ. ಆದ್ರೆ ಜನ ಹೀಗೆ ಮುಳುಗೋದನ್ನ ಸರ್ಕಾರ ನೋಡ್ತಾ ಕೂರಲ್ಲ!"

ಜೀಪಿನಲ್ಲಿ ಹಲಗೆ ತಯಾರಿತ್ತು. ಇಂಥ ಕೆಲಸಕ್ಕೆ ಸರ್ಕಾರ ಎಂದೂ ತಡಮಾಡುವುದಿಲ್ಲ. 'ಎಚ್ಚರಿಕೆ! ಆಳವಾದ ನೀರು' ಎಂದು ಬರೆದಿತ್ತು. ಕಂಬ ನೆಡಲು ಹೋದರೆ ಎಲ್ಲಿ ನೆಟ್ಟರೂ ಹೂಳಿಗೆ ವಾಲುತ್ತಿತ್ತು. ಸಾಹೇಬರು ಸುತ್ತ ಕಣ್ಣಾಡಿಸಿದರು. ಆಮೇಲೆ ಹಲಗೆಯನ್ನು ಕಾರ್ಯದರ್ಶಿಯ ದೋಣಿಗೇ ಮೊಳೆ ಹೊಡೆಸಿ ಕೂರಿಸಿದರು. ಮೊಳೆಯ ಖರ್ಚು ಪೂರ್ತಿ ಸರ್ಕಾರದ್ದೇ.

ಹೊರಡುವ ಮುಂಚೆ ದೋಣಿಯನ್ನು ಎರಡು ಸಲ ಅಲ್ಲಾಡಿಸಿ ನೋಡಿ, ಕಾರ್ಯದರ್ಶಿಯ ಬೆನ್ನು ತಟ್ಟಿದರು: "ಒಳ್ಳೇ ಗಟ್ಟಿ ಜಾಗ ರೀ. ಒಂಚೂರೂ ಕದಲಲ್ಲ!"