ಒಂದೇ ಒಂದು ಸೀಟಿಗೆ

ಸುಮನಾಳ ಕೆಂಪು ಕಾರಿಗೆ ಎರಡೇ ಬಾಗಿಲು, ಎರಡೇ ಸೀಟು. ಮೂಗು ಮುಂದಕ್ಕೆ ಚಾಚಿ, ಹೊಟ್ಟೆ ನೆಲಕ್ಕೆ ಅಂಟಿಸಿಕೊಂಡು, ನಿಂತಾಗಲೂ ಓಡುತ್ತಿರುವಂತೆ ಕಾಣುತ್ತಿತ್ತು. ಓಡುವಾಗ ಮಾತ್ರ ನಿಂತಿರುವಂತೆ ಕಾಣುತ್ತಿತ್ತು. ಮೈ ರೇಸಿನದು, ಒಳಗಿನ ಇಂಜಿನ್ ಸಂತೆಗೆ ಹೋಗಿಬರುವ ಸಣ್ಣ ಕಾರಿನದು. ಅಷ್ಟು ತಗ್ಗಿನ ಕಾರಿಗೆ ಇಳಿದರೆ ಏಳಲಾರೆ ಎಂದು ಸೋದರಮಾವ ಅದನ್ನು ಅವಳಿಗೇ ಕೊಟ್ಟುಬಿಟ್ಟಿದ್ದರು.

ಹೊಸಮನೆಯಿಂದ ಭದ್ರಾವತಿಯ ಕಾಲೇಜೊಂದರ ಲೈಬ್ರರಿ ಕೆಲಸಕ್ಕೆ ದಿನಾ ಅದರಲ್ಲೇ ಓಡಾಟ. 'ಸದ್ದು ಮಾಡಬೇಡಿ' ಎಂಬ ಬೋರ್ಡಿನ ಕೆಳಗೆ ಕೂತು ಕೂತು ಅವಳಿಗೆ ಹಾರ್ನ್ ಒತ್ತುವುದಕ್ಕೂ ಸಂಕೋಚ. ಸಂಜೆ ವಾಪಸು ಬರುವಾಗ ಐದೂವರೆಯ ಖಾಸಗಿ ಬಸ್ಸು ತಪ್ಪದೆ ಅವಳನ್ನು ಹಿಂದೆ ಹಾಕುತ್ತಿತ್ತು. ಅದರ ಡ್ರೈವರ್ ಧರ್ಮೇಂದ್ರ ಕನ್ನಡಿ ನೋಡುವವನಲ್ಲ. ಕಂಡಕ್ಟರ್ ನಾಗೇಶನ ಒಂದು ಸೀಟಿಗೆ ನಿಲ್ಲಿಸುವುದು, ಎರಡು ಸೀಟಿಗೆ ಬಿಡುವುದು, ಇಷ್ಟೇ ಅವನ ಧರ್ಮ. ಬಸ್ಸಿನ ಕಿಟಕಿಯಿಂದ ಪಕ್ಕದ ಮನೆಯ ಜಯಕ್ಕ ಕೈಬೀಸುತ್ತಿದ್ದರು. ಅವರು ಭದ್ರಾವತಿಯಲ್ಲಿ ಟೀಚರು. ಸುಮನಾ ಮನೆ ಮುಟ್ಟುವಾಗ ಜಯಕ್ಕ ಗೇಟಿನಲ್ಲಿ ಕಾಫಿ ಹಿಡಿದು ನಿಂತಿರುತ್ತಿದ್ದರು.

"ಬಂದ್ಯಾ ಮಾರಾಯ್ತಿ? ನಂದು ಎರಡನೇ ಲೋಟ."

ಈ ಎರಡನೇ ಲೋಟದ ಸುದ್ದಿ ಬೀದಿಯೆಲ್ಲ ಹಬ್ಬಿ, ಅಪ್ಪ ಪ್ರಸನ್ನಕುಮಾರ್ ಅವರಿಗೆ ತಲೆಯೆತ್ತಿ ವಾಕಿಂಗ್ ಹೋಗಲಾಗಲಿಲ್ಲ. ಕಾರು ಮಾರಿ ಸ್ಕೂಟರ್ ಕೊಡಿಸುವುದೆಂದು ತೀರ್ಮಾನಿಸಿ ಗಿರಾಕಿಯನ್ನೂ ಗೊತ್ತು ಮಾಡಿದರು. ಅವನು ಬರುವುದರ ಹಿಂದಿನ ದಿನ, ಬೆಳಗಿನ ಅವಲಕ್ಕಿ ತಟ್ಟೆಯ ಮುಂದೆ ಮಗಳ ಕಣ್ಣು ತುಂಬಿದ್ದು ನೋಡಿ ಸ್ವಲ್ಪ ಮೆತ್ತಗಾದರು.

"ಸರಿ, ಇವತ್ತು ಒಂದೇ ಒಂದು ಸಲ ಆ ಬಸ್ಸಿಗಿಂತ ಮುಂಚೆ ಮನೆ ಸೇರು. ಮಾರೋ ಮಾತೇ ಎತ್ತಲ್ಲ."

ಸುಮನಾ ರಜೆ ಹಾಕಿ ಸೀದಾ ಭದ್ರಾವತಿಯ ಷಡಕ್ಷರಪ್ಪನವರ ಶೆಡ್ಡಿಗೆ ಹೋದಳು. ಅಪ್ಪನಿಗೆ ಹೇಳದೆ ತರಿಸಿದ್ದ ಟರ್ಬೊ ಕಿಟ್ಟಿನ ಪೆಟ್ಟಿಗೆ ಅಲ್ಲಿ ವಾರದಿಂದ ಕಾಯುತ್ತಿತ್ತು. ಷಡಕ್ಷರಪ್ಪ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಹೊರಗೆ ದಂಡವಾಗಿ ಹೋಗುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೆ ಗಾಳಿ ತುರುಕುತ್ತದೆ ಎಂದು ವಿವರಿಸಿ, "ಒಲೆಗೆ ಊದುಗೊಳವೆ ಇದ್ದಂಗೆ ಅಮ್ಮಾ," ಎಂದರು.

ಬಾನೆಟ್ಟು ತೆರೆದದ್ದೇ ತಡ, ಕಾರಿನ ಸುತ್ತ ಜನ ಸೇರಿದರು. ಟರ್ಬೊ ಲಾರಿಗಲ್ಲದೆ ಕಾರಿಗೆ ಒಗ್ಗುವುದಿಲ್ಲ ಎಂದ ಒಬ್ಬ. ಹಿಂದೆ ಕೂರಿಸಿದರೆ ಹಿಂದಿನಿಂದ ನೂಕುತ್ತದೆ ಎಂದ ಇನ್ನೊಬ್ಬ. ಕಿಟ್ಟಿನ ಸೂಚನೆಯ ಹಾಳೆ ಯಾರಿಗೂ ತಿಳಿಯದ ಲಿಪಿಯಲ್ಲಿದ್ದದ್ದರಿಂದ ಷಡಕ್ಷರಪ್ಪ ಅದನ್ನು ಮಡಚಿ ಮಂಡಿಗೆ ಹಾಸಿಕೊಂಡರು. ಗಾಳಿಯ ಪೈಪು ಗೇಣುದ್ದ ಕಡಿಮೆ ಬಿತ್ತು. ಯಾರೋ ತೋಟದ ಪಂಪ್‌ಸೆಟ್ಟಿನ ಪೈಪಿನ ತುಂಡು ತಂದುಕೊಟ್ಟರು. ನಟ್ಟು, ಬೋಲ್ಟು, ಕ್ಲಾಂಪುಗಳೆಲ್ಲ ಮದುವೆಮನೆಯ ಎಲೆಯಡಿಕೆ ತಟ್ಟೆಯಂತೆ ಕೈಯಿಂದ ಕೈಗೆ ಸುತ್ತಿದವು. ಐದೂ ಮುಕ್ಕಾಲಿಗೆ ಒಂದೆರಡು ನಿಮಿಷವಿರುವಾಗ ಇಂಜಿನ್ ಎದ್ದು ಕೂತಿತು. ಪೆಡಲು ಒತ್ತಿದರೆ ಉದ್ದಕ್ಕೆ 'ಸೀಂಯ್' ಎಂದಿತು.

"ಟರ್ಬೊ ಅಂದ್ಮೇಲೆ ಹಾಡ್ಲೇಬೇಕು," ಎಂದರು ಷಡಕ್ಷರಪ್ಪ ಹೆಮ್ಮೆಯಿಂದ.

ಬಸ್ಸು ಆಗಲೇ ಹೊರಟಿತ್ತು. ಅವತ್ತು ಸಂತೆಯ ದಿನವಾದ್ದರಿಂದ ಹೆಜ್ಜೆಹೆಜ್ಜೆಗೂ ನಿಂತು ಜನ ಹತ್ತಿಸಿಕೊಂಡು ಹೋಗುತ್ತಿದ್ದ ಅದರ ಬೆನ್ನು ಮಾಚೇನಹಳ್ಳಿಯ ಹತ್ತಿರ ಕಂಡಿತು. ಸುಮನಾ ಉಸಿರು ಬಿಗಿಹಿಡಿದು ಪೆಡಲು ಒತ್ತಿದಳು. ಸೀಂಯ್. ಬಸ್ಸು ಎಡಕ್ಕೆ ಸರಿದು ನಿಂತೇಬಿಟ್ಟಿತು. ನುಗ್ಗಲು ಸಂಕೋಚವಾಗಿ ಅವಳೂ ನಿಂತಳು. ಬಸ್ಸು ಹೊರಟಿತು. ಅವಳು ಒತ್ತಿದಳು. ಸೀಂಯ್. ಮತ್ತೆ ನಿಂತಿತು. ಟರ್ಬೊ ಹಾಕಿದ ಕಾರಿಗೆ ರಸ್ತೆಯಲ್ಲಿ ಇಷ್ಟು ಮರ್ಯಾದೆಯಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ನಿದಿಗೆಯ ಬಳಿ ಮೂರನೇ ಸಲ ನಿಂತಾಗ ಧರ್ಮೇಂದ್ರ ಇಂಜಿನ್ ಆರಿಸಿ ಕೆಳಗಿಳಿದು ಹಿಂದಿನ ಬಾಗಿಲಿನತ್ತ ನಡೆದ. ಸುಮನಾ ಒಳಗೇ 'ಕ್ಷಮಿಸಿ' ಅಂದುಕೊಳ್ಳುತ್ತ ಬಲಕ್ಕೆ ತಿರುಗಿಸಿ, ಜೀವಮಾನದಲ್ಲಿ ಮೊದಲ ಸಲ ಒಂದು ಬಸ್ಸನ್ನು ದಾಟಿದಳು.

ಅಪ್ಪ ಗೇಟಿನಲ್ಲಿ ಗಡಿಯಾರ ನೋಡಿದರು, ಜಯಕ್ಕನ ಮನೆಗೆ ಹಾಕಿದ್ದ ಬೀಗ ನೋಡಿದರು. ಗಿರಾಕಿಗೆ ಫೋನ್ ಮಾಡಿ, ಬರುವುದು ಬೇಡ ಎಂದರು. ಆಮೇಲೆ ಬೀದಿಗೆ ಕಾಣುವಂತೆ ಮಗಳಿಗೊಂದು ಕಾಫಿ ತಂದುಕೊಟ್ಟರು. ಅದು ಎರಡನೇ ಲೋಟವಾಗುವ ಹೊತ್ತಿಗೆ ಜಯಕ್ಕ ಬಂದರು. ತಲೆಗೂದಲು ಅಸ್ತವ್ಯಸ್ತ, ಮುಖ ಸುಟ್ಟ ಬದನೆಕಾಯಿ.

"ಯಾರಿಗೆ ಬೇಕು ಆ ಬಸ್ಸು. ಸುಮ್ ಸುಮ್ನೆ ಮೂರು ಸಲ ನಿಲ್ಲಿಸ್ದ ಡ್ರೈವರ್. ಸೀಟಿ ಊದಿದೀಯ ಅಂತ ಅವ್ನು, ಊದೇ ಇಲ್ಲ ಅಂತ ಇವ್ನು. ಕೊನೆಗೆ ನಾಗೇಶ ಸೀಟಿನೇ ಬಿಸಾಕ್ಬಿಟ್ಟ."

ಸುಮನಾ ಲೋಟ ಕೆಳಗಿಟ್ಟು ಕಾರಿನ ಬಾನೆಟ್ಟಿನತ್ತ ನೋಡಿದಳು. ಅಷ್ಟರಲ್ಲಿ ಷಡಕ್ಷರಪ್ಪನವರ ಫೋನು. ಪೈಪು ಬಿಗಿಯುವ ಒಂದು ಕ್ಲಾಂಪು ಟೀ ಲೋಟದ ಕೆಳಗೆ ಸಿಕ್ಕಿದೆ. ಅದಿಲ್ಲದೆ ಗಾಳಿಯೆಲ್ಲ ಸಂದಿಯಿಂದ ಸೀಟಿ ಹೊಡೆದುಕೊಂಡು ಹೊರಗೇ ಹೋಗಿರುತ್ತದೆ, ಕಾರು ಮುಂಚಿಗಿಂತಲೂ ನಿಧಾನ ಹೋಗಿರಬೇಕು. "ನಾಳೆ ಬೆಳಗ್ಗೆ ಬಾರಮ್ಮಾ, ಎರಡು ನಿಮಿಷದ ಕೆಲಸ. ಆಮೇಲೆ ಯಾವ ಬಸ್ಸೂ ನಿನ್ನ ನೆರಳು ಮುಟ್ಟಲ್ಲ."

ನಿಜ ಹೇಳಿಬಿಡಬೇಕು ಎನಿಸಿತು ಅವಳಿಗೆ. ಹೇಗೂ ನಾಳೆಯಿಂದ ಕಾರು ನಿಜವಾಗಿಯೇ ಓಡುತ್ತದಲ್ಲ.

"ಜಯಕ್ಕಾ, ಆ ಸೀಟಿ..." ಎಂದು ಶುರುಮಾಡಿದಳು.

"ಹೌದು ಮಾರಾಯ್ತಿ, ನಾನೂ ಆ ಸೀಟಿಗೇ ಬಂದೆ," ಎಂದು ಜಯಕ್ಕ ಕಾರಿನ ಬಾಗಿಲು ತೆಗೆದು, ಖಾಲಿಯಿದ್ದ ಇನ್ನೊಂದು ಸೀಟಿನ ಮೇಲೆ ಊಟದ ಬ್ಯಾಗು ಇಟ್ಟು ಅಳತೆ ನೋಡಿದರು. "ನಾಳೆಯಿಂದ ನಿನ್ನ ಜೊತೆಗೇ ಬರ್ತೀನಿ. ಆದ್ರೆ ಮೂವತ್ತು ದಾಟಿಸ್ಬೇಡ. ನಂಗೆ ತಲೆ ಸುತ್ತುತ್ತೆ."