ಮಾವ ಕಲಿಸುವ ಗ್ರೂಪಿನ ಶಿಸ್ತು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯ ತನಕ ಧೈರ್ಯ ಉಳಿಯುತ್ತದೋ ಇಲ್ಲವೋ! ಕಂಡವರ ದನಿಯನ್ನೆಲ್ಲ ಅನುಕರಿಸುವ ಚಟ ನನಗೆ. ಲೋಕಲ್ ರೈಲಿನ ಘೋಷಣೆಯಿಂದ ಹಿಡಿದು ನಮ್ಮ ಸೊಸೈಟಿ ಸೆಕ್ರೆಟರಿಯ ಕೆಮ್ಮಿನ ತನಕ ಎಲ್ಲ ಬರುತ್ತದೆ. ಬಾರದ್ದು ಒಂದೇ, ಸ್ವಂತ ದನಿಯಲ್ಲಿ ಬುದ್ಧಿಯ ಮಾತು.

ಡೊಂಬಿವಲಿಯ ನನ್ನ ಸೋದರಮಾವ ಹೋಟೆಲಿನ ಗಲ್ಲಾ ಬಿಟ್ಟ ಮೇಲೆ ಠಾಣೆ-ಕಲ್ಯಾಣ ಕಡೆಯ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹೆಡ್‌ಮಾಸ್ಟರಾದವರು. ನೇಮಿಸಿದವರು ಯಾರು? ಅವರೇ! ಅಡ್ಮಿನ್ ಬೇರೆ ಯಾರೋ ಇದ್ದಾರೆ; ಪಾಪ, ಅವರೂ ಮಾವನಿಗೆ ಹೆದರಿ ಗುಡ್ ಮಾರ್ನಿಂಗ್ ಹಾಕುವುದನ್ನೇ ಬಿಟ್ಟಿದ್ದಾರೆ. ಹೊಸಬರು ಸೇರಿದ ಐದೇ ನಿಮಿಷಕ್ಕೆ ಅವರಿಗೊಂದು ವಾಯ್ಸ್ ಮೆಸೇಜು ಹೋಗುತ್ತದೆ:

"ನಮಸ್ಕಾರ ಮಾರಾಯ್ರೆ. ಊರು ಯಾವುದು, ಸ್ಟೇಷನ್ ಯಾವುದು, ಈಸ್ಟಾ ವೆಸ್ಟಾ, ಬರೆದು ಹಾಕಿ. ಮತ್ತೆ ಒಂದು ದಿನ ಸುಮ್ಮನೆ ಓದಿ. ಹೂವಿನ ಚಿತ್ರ ಬೇಡ, ಹೂವು ಮಾರ್ಕೆಟಲ್ಲಿ ಉಂಟು."

ಸಾನಪಾಡಾದ ಒಬ್ಬರಿಗೆ ಯಾವ ಮೆಸೇಜಿಗೆ ಉತ್ತರವೋ ಅದರ ಕೆಳಗೇ ಹಾಕುವುದು ತಿಳಿಯದೆ, ತಿಂಡಿಯ ಫೋಟೋಗೆ ಬರೆದದ್ದು ಸಾವಿನ ಸುದ್ದಿಯ ಕೆಳಗೆ "ಸೂಪರ್, ನಮಗೂ ಎರಡು ಪ್ಲೇಟ್" ಎಂದು ಬಿತ್ತು. ಮಾವ ಠಾಣೆಯಲ್ಲಿ ರೈಲು ಬದಲಿಸಿ ಅವರ ಮನೆಗೇ ಹೋಗಿ ಪಾಠ ಮಾಡಿದರು. ಹಿಂದಿರುಗುವಾಗ ಫೋನು ಒತ್ತಿಹೋಗಿ, ತಮ್ಮದೇ ಜೇಬಿನೊಳಗಿನ ಕತ್ತಲೆಯ ವಿಡಿಯೋ ಗ್ರೂಪಿಗೆ ಹಾಕಿದರು!

"ಇದೆಂಥದು ಮಾವ?"

"ತಪ್ಪು ಮಾಡಿದರೆ ಹೇಗೆ ಕಾಣ್ತದೆ ಅಂತ ತೋರಿಸಿದ್ದು ಮಾರಾಯ!"

ಹೀಗಿರುವಾಗ ಠಾಣೆಯ ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟಿನಲ್ಲಿ ಲಾರಿಗೆ ಚೀಲ ಹೊತ್ತು ಲೋಡಿಂಗ್ ಮಾಡುವ ಕಲಬುರಗಿಯವರೊಬ್ಬರು ಸೇರಿದರು. ಎಂಟು ಜನರ ಜೊತೆ ಒಂದೇ ಖೋಲಿಯಲ್ಲಿದ್ದವರು. ಊರಿಂದ ಹೆಂಡತಿ, ಮಗು ಬರುವುದಿತ್ತು; ಬಾಡಿಗೆಗೆ ಬೇರೆ ಖೋಲಿ ಬೇಕೆಂದು ಮಾವನಿಗೆ ಹೇಳಿಯೇ ಸೇರಿದ್ದರು. ಮಾವ ಸ್ನಾನಕ್ಕೆ ಹೋಗಿದ್ದರು, ಅವರ ಫೋನು ನನ್ನೆದುರಿಗಿತ್ತು. ಬಿಡುತ್ತೇನೆಯೇ? ಮಾವನ ದನಿಯಲ್ಲಿ, "ಹೊಸಬರು ಒಂದು ತಿಂಗಳು ಬಾಯಿ ತೆರೆಯುವ ಹಾಗಿಲ್ಲ ಮಾರಾಯ್ರೆ!" ಎಂದು ಅವರಿಗೆ ವಾಯ್ಸ್ ಮೆಸೇಜು ಕಳಿಸಿಬಿಟ್ಟೆ.

ಯಾರು ನಂಬುತ್ತಾರೆ ಎಂದುಕೊಂಡೆ. ಅವರು ನಂಬಿದರು. ನಾಲ್ಕನೇ ದಿನ ವಾಗ್ಳೆ ಎಸ್ಟೇಟಿನ ಹತ್ತಿರವೇ ಖೋಲಿ ಖಾಲಿ ಇದೆ ಎಂದು ಗ್ರೂಪಿನಲ್ಲಿ ಬಂದಾಗಲೂ ಓದಿ ಸುಮ್ಮನಿದ್ದರು. ಖೋಲಿ ಬೇರೆಯವರ ಪಾಲಾಯಿತು.

ಯಾಕೆ ಕೇಳಲಿಲ್ಲ ಎಂದು ಮಾವ ಫೋನು ಮಾಡಿದರೆ, "ನೀವೇ ಹೇಳೀರಲ್ರಿ?" ಎಂಬ ಉತ್ತರ. ಮಾವ ಆ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದರು. ಗ್ರೂಪಿನ ಒಬ್ಬೊಬ್ಬರಿಗೂ ಫೋನು ಮಾಡಿ, ಭಾನುವಾರದೊಳಗೆ ಇನ್ನೊಂದು ಖೋಲಿ ಗೊತ್ತು ಮಾಡಿ, ಅದನ್ನು ಕಲಬುರಗಿಯವರಿಗೆ ತೋರಿಸಲು ನನ್ನನ್ನೂ ಎಳೆದುಕೊಂಡು ಹೋದರು.

"ತಪ್ಪಾಯ್ತು ಮಾರಾಯ್ರೆ. ಒಂದು ದಿನ ಹೇಳುವಲ್ಲಿ ಒಂದು ತಿಂಗಳು ಅಂದೆ. ವಯಸ್ಸಾಯ್ತು ನೋಡಿ," ಎಂದರು ಮಾವ.

ಊರವರ ದನಿಯೆಲ್ಲ ಬರುವ ನನಗೆ ಆಗ ಒಂದೂ ಬರಲಿಲ್ಲ.

ಕಲಬುರಗಿಯವರು ಮಾವನನ್ನು ನೋಡಿದರು. ಚಪ್ಪಲಿ ನೋಡುತ್ತ ನಿಂತಿದ್ದ ನನ್ನನ್ನು ನೋಡಿದರು. ನಕ್ಕರು.

"ಇರ್ಲಿ ಬಿಡ್ರಿ ಕಾಕಾ. ನಾ ಲೋಡಿಂಗ್ ಮಾಡಾಂವ. ಯಾರ ಚೀಲ ಯಾರ ಹೆಗಲ ಮ್ಯಾಲ ಅದ ಅಂತ ನನಗ ತಿಳೀತದ."